ಅತ್ತೆಗೆ ದನಿ ಇರುವಾಗಲೇ

ಹಗ್ಗದ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಹೊಲಿಯುವ ಸೊಸೆಯೊಬ್ಬಳಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳ ಅತ್ತೆಗೆ ಗಂಟಲಲ್ಲಿ ಗಡ್ಡೆ. ಸೋಮವಾರ ಆಪರೇಷನ್. ಆಮೇಲೆ ದನಿ ಉಳಿಯುವುದು ಅನುಮಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಶನಿವಾರ ಬೆಳಿಗ್ಗೆ ಲೈಬ್ರರಿ ಮೇಡಂ ಬಂದರು.

"ಅಕ್ಕಾ, ಈ ಗಲ್ಲಿ ಕಟ್ಟಿದ್ದು ನಾಲ್ಕು ದಿಕ್ಕಿಂದ ವಲಸೆ ಬಂದ ಜನ. ಅವರಲ್ಲಿ ಈಗ ಉಳಿದಿರೋರು ನಿಮ್ಮತ್ತೆ, ಪಕ್ಕದ ಮನೆ ಗಡಿಯಾರ ರಿಪೇರಿ ತಾತ, ಇಬ್ಬರೇ. ಅವರ ನೆನಪನ್ನ ಅವರ ಬಾಯಲ್ಲೇ ರೆಕಾರ್ಡ್ ಮಾಡಿ ಇಟ್ಕೊಳ್ಳೋಣ."

"ಏನಿದೆ ಮೇಡಂ ಹೇಳೋಕೆ? ಹಗ್ಗ ಹೊಸೆದ್ರು, ಉಂಡ್ರು, ಮಲಗಿದ್ರು. ಇವರೇನು ರಾಜ್ಯ ಆಳಿದ್ರಾ?" ಎಂದಳು ಸೊಸೆ. ಹಿತ್ತಲ ಗಿಡ ಮದ್ದಲ್ಲ, ನೋಡಿ!

"ರಾಜರ ಕತೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ಈ ಗಲ್ಲಿ ಕತೆ ಇವರು ಹೇಳದಿದ್ರೆ ಇನ್ಯಾರು ಹೇಳ್ತಾರೆ? ಅಜ್ಜೀ, ನಿಮಗೆ ಒಪ್ಪಿಗೆನಾ?"

"ಸೋಮವಾರದಿಂದ ಹೇಗಿದ್ರೂ ಬಾಯಿಗೆ ರಜಾ. ಇವತ್ತು ಮಾತಾಡ್ತೀನಿ ಬಿಡೇ," ಎಂದು ಅತ್ತೆ ಸೊಸೆಯ ಕಡೆ ನೋಡಿ ನಕ್ಕರು.

ಸೊಸೆಗೆ ಇನ್ನೊಂದು ನಾಚಿಕೆ. ಗಲ್ಲಿಯ ಹಳಬರ ಮಾತು ಐದು ಭಾಷೆಗಳ ಕಲಸುಮೇಲೋಗರ. "ಮರ್ಯಾದೆಯಾಗಿ, ಪುಸ್ತಕದ ಥರ ಮಾತಾಡಿ ಅತ್ತೆ," ಎಂದು ತಾಕೀತು ಮಾಡಿ, ಒಳ್ಳೆ ಬಟ್ಟೆ ಹಾಕಿಸಿ ಕುರ್ಚಿಯಲ್ಲಿ ಕೂರಿಸಿದಳು. ಪಾಪ, ಅತ್ತೆ ಶಾಲೆಯ ಮಕ್ಕಳ ಹಾಗೆ "ನಾನು ಇಲ್ಲಿಗೆ ಬಂದೆನು. ಕೆಲಸ ಮಾಡಿದೆನು," ಎಂದು ಒಪ್ಪಿಸಿ ಮುಗಿಸಿಬಿಟ್ಟರು.

"ನಾನು ಹೇಳಲಿಲ್ವಾ, ಏನೂ ಇಲ್ಲ ಅಂತ?" ಎಂದಳು ಸೊಸೆ.

ಮೇಡಂ ಬಿಡಲಿಲ್ಲ. "ಹೇಗೆ ಬರುತ್ತೋ ಹಾಗೇ ಮಾತಾಡಿ ಅಜ್ಜಿ. ಹಗ್ಗ ಹೇಗೆ ಹೊಸೀತಿದ್ರಿ? ತೋರಿಸಿ ನೋಡೋಣ."

ಅತ್ತೆ ಎದ್ದರು. ನಾರಿನ ಕಂತೆಯ ಬದಲು ಸೊಂಟಕ್ಕೆ ಟವೆಲು ಸುತ್ತಿಕೊಂಡು, ಬೆರಳಲ್ಲಿ ಎಳೆ ಬಿಡುವಂತೆ ಮಾಡುತ್ತ ಹಿಂದೆ ಹಿಂದೆ ನಡೆದರು.

"ಹಗ್ಗ ಹೊಸೆಯೋರು ಮುಂದೆ ನಡೆಯಲ್ಲಮ್ಮ, ಹಿಂದಕ್ಕೇ ಹೋಗೋದು. ಬೆನ್ನ ಹಿಂದೆ ಏನಿದೆ ಕಾಣಲ್ಲ. ಎದುರಿಗಿರೋರು ಕೂಗಿ ಎಚ್ಚರಿಸ್ಬೇಕು. ನಾನು ಬಂದ ಹೊಸತರಲ್ಲಿ ಎದುರಿಗಿದ್ದ ಹೆಂಗಸು ಅವಳ ಭಾಷೇಲಿ ಕೂಗಿದ್ಲು. ನಂಗೇನು ತಿಳೀಬೇಕು? ಹೋಗಿ, ಹಗ್ಗಕ್ಕೆ ಬಳಿಯೋಕೆ ಕುದಿಸ್ತಿದ್ದ ಡಾಂಬರಿನ ಹಂಡೆಗೆ ಮೊಳಕೈ ಕೊಟ್ಟೆ!"

ಆ ಹೆಂಗಸೇ ಮನೆಗೆ ಕರೆದುಕೊಂಡು ಹೋಗಿ, ಗಾಯ ಮಾಯುವ ತನಕ ಕೈಯಾರೆ ಉಣಿಸಿದಳಂತೆ. ಆಗ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು.

"ಆಮೇಲೆ ಗಲ್ಲಿಯವರೆಲ್ಲ ಸೇರಿ ಒಂದು ಕಟ್ಟುಪಾಡು ಮಾಡ್ಕೊಂಡ್ವಿ. ಹೊಸಬರು ಯಾರೇ ಬರಲಿ, ಮೊದಲ ದಿನವೇ ಅವರ ಭಾಷೇಲಿ 'ಹಿಂದೆ ನೋಡು' ಅನ್ನೋದನ್ನ ಎಲ್ರೂ ಕಲೀಬೇಕು. ಹೆಸರು, ಜಾತಿ ಕೇಳೋದೆಲ್ಲ ಆಮೇಲೆ!"

ಐದು ಭಾಷೆಯಲ್ಲೂ ಕೂಗಿ ತೋರಿಸಿದರು. ದನಿ ಒಡೆದಿತ್ತು, ಮುಖ ಅರಳಿತ್ತು.

ಸೊಸೆಗೆ ಅಳು ಬಂತು. ಆ ಮೊಳಕೈಯ ಕಲೆಯನ್ನು ದಿನಾ ನೋಡುತ್ತಿದ್ದಳು, ಒಲೆ ತಾಗಿದ್ದಿರಬೇಕು ಎಂದುಕೊಂಡಿದ್ದಳು. "ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕೇಳಿದ್ಯೇನೇ?"

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮನೆಗೆ ಬಂದ ದಿನ ಸೊಸೆ, ಮೇಡಂ ಕಳಿಸಿದ್ದ ರೆಕಾರ್ಡಿಂಗನ್ನು ತನ್ನ ಮೊಬೈಲಲ್ಲಿ ಹಚ್ಚಿದಳು. ತನ್ನದೇ ದನಿ ಕೇಳಿ ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಸೊಸೆಯ ಮೊಬೈಲನ್ನು ಅವಳ ಕೈಗೇ ಒತ್ತಿ, ಪಕ್ಕದ ಮನೆಯತ್ತ ಬೆರಳು ತೋರಿಸಿದರು. ಸೊಸೆ ಹೊಲಿಗೆ ಬದಿಗಿಟ್ಟು ತಾತನ ಮನೆಗೆ ಹೋದಳು.

"ತಾತಾ, ನೀವು ಈ ಗಲ್ಲಿಗೆ ಬಂದ ದಿನ ಏನಾಯ್ತು?"

"ಈಗ್ಯಾಕಮ್ಮ? ನಾಳೆ ಬಾ."

"ನಾಳೆ ಅಂದ್ರೆ ಆಗಲ್ಲ ತಾತ," ಎಂದು ಅವಳು ಹೊಸ್ತಿಲಲ್ಲೇ ಕೂತುಬಿಟ್ಟಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ದೂರದಿಂದ ಬಂದು ಬದುಕು ಕಟ್ಟಿದ ಹಿರಿಯರಿದ್ದಾರೆ. ಅವರ ಒಪ್ಪಿಗೆ ಪಡೆದು ಪಕ್ಕದಲ್ಲಿ ಕೂತುಕೊಳ್ಳಿ. "ಇತಿಹಾಸ ಹೇಳಿ" ಎನ್ನಬೇಡಿ, ಅವರು ಮಾಡಿದ ಕೆಲಸದ ಬಗ್ಗೆ ಕೇಳಿ. ಅವರ ಮಾತನ್ನು ತಿದ್ದಬೇಡಿ. ರೆಕಾರ್ಡ್ ಮಾಡಿದ್ದನ್ನು ನೀವೂ ಇಟ್ಟುಕೊಳ್ಳಿ, ಅವರು ಒಪ್ಪಿದರೆ ಲೈಬ್ರರಿಗೂ ಒಂದು ಪ್ರತಿ ಕೊಡಿ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ಇವತ್ತು ಸಂಜೆಯೇ ಹೋಗಿ. ಅವರು ಹೇಳಲು ಕಾದಿದ್ದಾರೆ, ನಾವು ಕೇಳಬೇಕು ಅಷ್ಟೇ.