ನಿಮಿಷಕ್ಕೆ ಮೂವತ್ತಮೂರು ಸುತ್ತು

“ಹಾಡು ಯಾವಾಗ ಬತ್ತದೆ ಸಾ?” ತಿರುಗುತ್ತಿದ್ದ ರೆಕಾರ್ಡನ್ನು ನೋಡುತ್ತ ಹುಚ್ಚರಂಗಯ್ಯ ಮೂರನೇ ಸಲ ಕೇಳಿದ.

“ಹಾಡು ಇಲ್ಲ. ಬರೀ ವಾದ್ಯ,” ಎಂದ ತೋಂಟದಾರ್ಯ.

“ಎರಡೂ ಕಡೆನೂವೆ?”

“ಎರಡೂ ಕಡೆ.”

ಹುಚ್ಚರಂಗಯ್ಯ ಗಿರಿಜಾಂಬಿಕಾಳ ಮುಖ ನೋಡಿದ. ನಿಮ್ಮ ಯಜಮಾನರಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ ಎಂಬಂತಿತ್ತು ಆ ನೋಟ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು ಅವನೊಬ್ಬನೇ. ತೋಂಟದಾರ್ಯನ ಊರಿನಲ್ಲಿ ಯಾರ ಮನೆಯಲ್ಲೂ ರೆಕಾರ್ಡು ಹಾಕುವ ಯಂತ್ರವಿರಲಿಲ್ಲ. ಅದಕ್ಕೇ ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಮೂರು ಮೈಲಿ ನಡೆದು ಬಂದಿದ್ದ.

ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ಅವನೂ ಸೇರಿ ನಾಲ್ವರು ಕಟ್ಟಿದ್ದ ತಂಡದ ರೆಕಾರ್ಡು ಅದು. ರಾಕ್‌ನ ಅಬ್ಬರ, ಜಾಜ್‌ನ ಅಲೆದಾಟ, ನಡುವೆ ಏಳೆಣಿಕೆಯ ತಾಳ. ಒಂದೊಂದು ರಚನೆಯೂ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಇವನದು ತಗ್ಗಿನ ಸ್ವರದ ಬೇಸ್ ಗಿಟಾರು. ೧೯೭೯ರಲ್ಲಿ ರೆಕಾರ್ಡಿಂಗ್ ಮುಗಿದ ವಾರವೇ ತಿಪಟೂರಿನಲ್ಲಿ ಫಿಸಿಕ್ಸ್ ಮೇಷ್ಟರ ಕೆಲಸ ಸಿಕ್ಕಿತು. ಗಿಟಾರು ಮಾರಿ ಬಂದ. ಮೂರು ವರ್ಷ ಕಳೆದು, ತಂಡವೂ ಚದುರಿಹೋದ ಮೇಲೆ, ಅವರ ಮೊದಲ ರೆಕಾರ್ಡು ಅಂಚೆಯಲ್ಲಿ ಬಂದಿತ್ತು.

ಮದುವೆಯಾಗಿ ಒಂದೂವರೆ ವರ್ಷ. ತಾನು ಯಾರೆಂದು ಹೆಂಡತಿಗೆ ಹೇಳಲು ಅವನಿಗೆ ಬಂದಿರಲಿಲ್ಲ. ಇದನ್ನು ಕೇಳಿಸಿದರೆ ಸಾಕು, ಮಿಕ್ಕದ್ದು ತಾನಾಗಿ ತಿಳಿಯುತ್ತದೆ ಎಂದುಕೊಂಡಿದ್ದ.

ಅವಳು ರೆಕಾರ್ಡಿನ ಹೊದಿಕೆಯನ್ನು ತಿರುಗಿಸಿ ನೋಡಿದಳು. “ನಿಮ್ಮ ಹೆಸರೇ ಇಲ್ವಲ್ರೀ?”

“ಟೋನಿ ಅಂತ ಐತಲ್ಲ. ಅದು ನಾನೇ.”

“ಟೋನಿ,” ಎಂದಳು, ಬೇರೆ ಯಾರನ್ನೋ ಕರೆದ ಹಾಗೆ. “ಇದ್ರಲ್ಲಿ ನೀವು ಯಾವ್ದು?”

ಅವನು ಬೆರಳೆತ್ತಿ ಕಾದ. “ಈಗ... ಇದು. ಅಡಿಯಲ್ಲಿ ಓಡ್ತಾ ಐತಲ್ಲ, ಇದು.”

ಅವಳು ಸೂರಿನ ಮೇಲಿದ್ದ ಹಾರ್ನಿನ ಕಡೆಗೆ ಕತ್ತು ವಾಲಿಸಿ ಕಣ್ಣು ಮುಚ್ಚಿದಳು. “ಕೇಳುಸ್ತು ಕಣ್ರೀ! ಅದೇನು ಓಟ ಓಡ್ತೀರಿ!” ಎಂದು ನಕ್ಕಳು.

ಅವನೂ ಕಿವಿಗೊಟ್ಟ. ನಾನು ಇಷ್ಟು ಚುರುಕಾಗಿದ್ದೆನೆ? ತೊಡೆಯ ಮೇಲೆ ತಾಳ ಹಿಡಿಯಲು ಹೋದ ಬೆರಳುಗಳು ಹಿಂದೆ ಬಿದ್ದವು. ಚಾಕ್‌ಪೀಸ್ ಹಿಡಿದೂ ಹಿಡಿದೂ ಕೈ ಜಡವಾಗಿರಬೇಕು. ದುಃಖವೇನೂ ಆಗಲಿಲ್ಲ. ಬಹಳ ದಿನಗಳ ಮೇಲೆ ಸಂತೋಷವಾಗಿತ್ತು.

ಒಂದು ಕಡೆ ಮುಗಿಯಿತು. ಮಗುಚಿ ಹಾಕಲು ಹೋದ ಹುಚ್ಚರಂಗಯ್ಯ ನಾಲಿಗೆ ಕಚ್ಚಿಕೊಂಡ.

“ಅಯ್ಯೋ, ತಪ್ಪಾಯ್ತು ಸಾ. ಸಿನಿಮಾ ಹಾಡಿನ ಸಣ್ಣ ರೆಕಾರ್ಡಿನ ಸ್ಪೀಡಿಗೇ ಬುಟ್ಟಿದ್ದೆ, ನಲವತ್ತೈದಕ್ಕೆ. ನಿಮ್ದು ಮೂವತ್ತಮೂರು. ನೀವಾದ್ರೂ ಹೇಳಬಾರ್ದಾ?”

ತನ್ನ ಸಂಗೀತದ ವೇಗವನ್ನೇ ತೋಂಟದಾರ್ಯ ಮರೆತಿದ್ದ.

ಹುಚ್ಚರಂಗಯ್ಯ ಅದೇ ಕಡೆಯನ್ನು ಸರಿಯಾದ ವೇಗದಲ್ಲಿ ಮತ್ತೆ ಹಾಕಿದ. ಸಂಗೀತ ತಗ್ಗಿತು, ನಿಧಾನವಾಯಿತು. ಅವರು ನುಡಿಸಿದ್ದು ಇದನ್ನೇ. ಬೆರಳುಗಳು ತಾವಾಗಿ ತಾಳ ಹಿಡಿದವು. ಡ್ರಮ್ಮು ಕೇಳಿಸಿತು, ಕೀಬೋರ್ಡು ಕೇಳಿಸಿತು, ಗೆಳೆಯನ ಗಿಟಾರು ಕೇಳಿಸಿತು. ಬೇಸ್ ಇರಲಿಲ್ಲ. ಅಷ್ಟು ತಗ್ಗಿನ ಸ್ವರ ತಗಡಿನ ಹಾರ್ನಿಗೆ ದಕ್ಕುವುದಿಲ್ಲವೆಂದು ಫಿಸಿಕ್ಸ್ ಮೇಷ್ಟರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ವರವೆಲ್ಲ ಮೇಲೇರಿದ್ದ ತಪ್ಪು ವೇಗದಲ್ಲಿ ಮಾತ್ರ ಅವನು ಕೇಳಿಸಿದ್ದ.

“ಈಗ ನೀವೆಲ್ಲಿ?”

“ಇದ್ದೀನಿ.”

“ಎಲ್ಲಿ?”

“ಅಡಿಯಲ್ಲಿ.”

ಅವಳು ಕತ್ತು ವಾಲಿಸಿಕೊಂಡು ಬಹಳ ಹೊತ್ತು ನಿಂತಳು. ತುರುವೇಕೆರೆ ಬಸ್ಸು ಬಂದು ಹೋಯಿತು. “ಹೂಂ, ಕೇಳುಸ್ತು,” ಎಂದಳು ಕೊನೆಗೆ.

ಸುಳ್ಳು. ಕನಿಕರಪಟ್ಟು ಹೇಳಿದ ಸುಳ್ಳು. ಅವಳನ್ನು ಬೈಯುವುದಕ್ಕೂ ಕಾರಣ ಸಿಗಲಿಲ್ಲ.

“ಆ ಕಡೇದು ಯಾವ ಸ್ಪೀಡಿಗೆ ಬುಡ್ಲಿ ಸಾ?”

“ಸಾಕು, ತೆಗಿಯಪ್ಪ.”

ಸಂಜೆ ಗಿರಿಜಾಂಬಿಕಾ ಅಟ್ಟ ಹತ್ತಿದಳು. ಅಲ್ಲಿ ಕೊಬ್ಬರಿಗೆಂದು ಹೋದ ವರ್ಷ ತುಂಬಿಟ್ಟ ತೆಂಗಿನಕಾಯಿಗಳಿದ್ದವು. ನೀರು ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಅವಳು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು, ಬೆಳಿಗ್ಗೆಯ ಹಾಗೆಯೇ ಕತ್ತು ವಾಲಿಸಿ, ಅಲ್ಲಾಡಿಸಿ ನೋಡುತ್ತಿದ್ದಳು. ಅವನು ಏಣಿಯ ಬುಡದಲ್ಲಿ ನಿಂತಿದ್ದ.

“ಕೇಳುಸ್ತಾ?” ಎಂದ.

“ಹೂಂ. ಪೂರಾ ಬುಟ್ಕಂಡೈತೆ. ಒಳಗೇ ಉರುಳಾಡ್ತಾ ಐತೆ.”

ಈ ಸಲ ಅವಳು ಸುಳ್ಳು ಹೇಳಿರಲಿಲ್ಲ. ಸುಲಿಯುವ ರಾಶಿಗೆ ಹಾಕಿ ಎಂದು ಕಾಯಿಯನ್ನು ಕೆಳಕ್ಕೆ ಚಾಚಿದಳು. ಅವನು ಇಸಿದುಕೊಂಡು ಕಿವಿಗೆ ಇಟ್ಟುಕೊಂಡ.

ಅಲ್ಲಾಡಿಸಲಿಲ್ಲ. ಅವಳಿಗೆ ಕೇಳಿಸಿತ್ತು; ಅಷ್ಟು ಸಾಕಿತ್ತು.