ಜೋಡಿ ಬೆಳಕಿನ ಹನ್ನೊಂದನೆಯ ಪುಟ

ಫ್ಯಾನಿನ ಗಾಳಿಗೆ ಅಪ್ಪನ ಕೈಯಲ್ಲಿನ ಹಾಳೆಗಳು ಪಟಪಟ ಅನ್ನುತ್ತಿವೆ, ನಾಲ್ಕನೆಯ ಪುಟವೋ ಐದನೆಯದೋ, ಹಿಂದಿನ ಬೆಂಚಿನಲ್ಲಿ ಕೂತ ಮಗಳು ಸುಲಭಾಗೆ ಕಾಣುವುದಿಲ್ಲ, ಆದರೆ ದನಿ ಕೇಳಿದರೆ ಗೊತ್ತು, ಪ್ರತಿ ವಾಕ್ಯವೂ ಅವಳೇ ಬರೆದದ್ದು, ಅಂದರೆ ಅಪ್ಪನದು, ಅವಳು ನಕಲು ತೆಗೆದದ್ದು — ಬೆಳಕು ಅಲೆಯೂ ಅಲ್ಲ, ಕಣವೂ ಅಲ್ಲ, ಬೆಳಕು ಜೋಡಿ, ಕಿರಿಯ ಬೆಳಕು ಮುಂದೆ, ಹಿರಿಯ ಬೆಳಕು ಅದರ ಬೆನ್ನಿಗೆ — ಐದನೆಯದು, ಹೌದು ಐದನೆಯದು, ಇನ್ನು ಆರು. ಅಫಜಲಪುರದ ಹೈಸ್ಕೂಲಿನ ಈ ಸಭಾಂಗಣದಲ್ಲಿ ವಿಜ್ಞಾನದ ಪ್ರಬಂಧ ಕೇಳಲು ಆಳಂದ, ಜೇವರ್ಗಿಯ ಮಾಸ್ತರರೆಲ್ಲ ಕೂತಿದ್ದಾರೆ, ಗುಲ್ಬರ್ಗಾದಿಂದ ಬಂದ ಪ್ರೊಫೆಸರರು ಕನ್ನಡಕ ತೆಗೆದು ಒರೆಸುತ್ತಿದ್ದಾರೆ, ಪಕ್ಕದ ಮಲ್ಕಮ್ಮ ಟೀಚರ್ ಮೊಣಕೈಲೆ ತಿವಿದು, ಏನವ್ವಾ ಸುಲಭಾ, ನಿಮ್ಮಪ್ಪಾರು ಇವತ್ತ ಮದುಮಗನಂಗ ಕಾಣಾಕತ್ತಾರಲ್ಲ, ಕೋಟು ಯಾರ ಇಸ್ತ್ರಿ ಮಾಡಿದ್ರು, ಅವಳು ನಕ್ಕಂತೆ ಮಾಡಿದಳು, ಇಸ್ತ್ರಿ ಮಾಡಿದವಳೂ ಅವಳೇ, ಆಗಲಾದರೂ ಹೇಳಬಹುದಿತ್ತು, ಅಪ್ಪಾ, ಹನ್ನೊಂದನೇ ಪುಟ ಒಮ್ಮೆ ನೋಡ್ರಿ — ಐದೇ ಮಾತು.

ಎಲ್ಲ ಆ ಕನ್ನಡಿಯಿಂದ. ಅವ್ವ ಜಾನಕೀಬಾಯಿ ತವರಿನಿಂದ ತಂದ ದಪ್ಪ ಗಾಜಿನ ಕನ್ನಡಿ, ಅವ್ವ ತೀರಿಹೋದ ವರ್ಷ ದೇವರ ಮನೆಯ ಎದುರಿನ ಗೋಡೆಗೆ ಹಾಕಿದ್ದು, ಓರೆಯಾಗಿ ನಿಂತು ನೋಡಿದರೆ ನಂದಾದೀಪ ಒಂದೇ ಆದರೂ ಒಳಗೆ ಕುಡಿ ಎರಡು, ಮಸುಕಾದದ್ದು ಹತ್ತಿರ, ನಿಚ್ಚಳವಾದದ್ದು ಅದರ ಹಿಂದೆ, ಆರು ತಿಂಗಳಿಂದ ಯಾರೊಂದಿಗೂ ಮಾತಾಡದೆ ಗೋಡೆ ನೋಡುತ್ತ ಕೂತಿದ್ದ ಅಪ್ಪ ಅವತ್ತು ಕೂಗಿದರು, ಸುಲೂ, ಲಗೂನ ಬಾ, ಎರಡ ಅವ ನೋಡವ್ವಾ, ಎರಡ! ಅಂದಿನಿಂದ ತಾಟಿನ ಮುಂದೆ ಕೂತರೂ ಮಾತು, ನೀರು ಸೇದುವಾಗಲೂ ಮಾತು, ಹೆಡ್‌ಮಾಸ್ತರ ರೇವಣಪ್ಪ, ಏನ್ರಿ ಗೋವಿಂದರಾವ್, ನಿಮ್ಮ ಬೆಳಕಿಗೆ ಲಗ್ನ ಆತಂತ, ಮಕ್ಕಳೆಷ್ಟ್ರಿ, ಎಂದು ಸ್ಟಾಫ್‌ರೂಮನ್ನೆಲ್ಲ ನಗಿಸಿದ ದಿನವೂ ಮನೆಗೆ ಬಂದು, ನಗಲಿ ಬಿಡು, ಪ್ರೊಫೆಸರ್ ಮುಂದ ಓದ್ತೇನಿ, ಆಮ್ಯಾಲ ನೋಡೂಣು, ನೀ ಛಂದಂಗ ಬರದು ಕೊಡು. ಬರೆಯುತ್ತ ಬರೆಯುತ್ತ ಹನ್ನೊಂದನೆಯ ಪುಟಕ್ಕೆ ಬಂದ ದಿನ, ತಲೆ ಬಾಚುವಾಗ ಬಾಚಣಿಗೆಯ ತುದಿ ಕನ್ನಡಿಗೆ ತಾಗಿತು, ತಾಗಿದರೂ ಒಳಗಿನ ತುದಿ ಹೊರಗಿನದಕ್ಕೆ ಕೂಡಲಿಲ್ಲ, ನಡುವೆ ಸಂದು — ಹೊಳೆಯುವ ಲೇಪ ಇರುವುದು ಗಾಜಿನ ಬೆನ್ನಿಗೆ, ಮುಂಬದಿಯ ಗಾಜೂ ತುಸು ಬೆಳಕನ್ನು ಮರಳಿಸುತ್ತದೆ, ಅಷ್ಟೇ, ಎರಡು ಮೈ ಇರುವುದು ಕನ್ನಡಿಗೆ, ಬೆಳಕಿಗಲ್ಲ, ಬಿ.ಎಸ್ಸಿ. ಓದಿದವಳಿಗೆ ಇಷ್ಟು ದಿನ ಹೊಳೆಯಲಿಲ್ಲ, ಹೊಳೆದ ಮೇಲೆ ಹೇಳಲಾಗಲಿಲ್ಲ, ಹೇಳಿದರೆ ಮತ್ತೆ ಆ ಗೋಡೆ, ಹೇಳದಿದ್ದರೆ ಈ ಸಭೆ, ಈ ಜನ, ದಿನಚರಿಯಲ್ಲಿ ನಾಳೆ ಹೇಳಬೇಕು, ನಾಳೆ ಹೇಳಬೇಕು ಎಂದು ನಾಲ್ಕು ದಿನ ಬರೆದು, ಐದನೆಯ ದಿನ ಅದನ್ನು ಹನ್ನೊಂದನೆಯ ಪುಟದ ನಕಲಿನೊಳಗೇ ಸೇರಿಸಿದಳು, ಅಪ್ಪನದೇ ಮಾತಿನಂತೆ, ಎರಡೇ ಸಾಲು. ಮನೆಯಲ್ಲಿ ಓದುತ್ತಾರೆ, ಓದಿ ಸುಮ್ಮನೆ ಎತ್ತಿಡುತ್ತಾರೆ, ಇಬ್ಬರೂ ಅದರ ಸುದ್ದಿ ಎತ್ತುವುದಿಲ್ಲ ಅಂದುಕೊಂಡಿದ್ದಳು, ಅಪ್ಪ ಓದದೆಯೇ ಹಾಳೆಗಳನ್ನು ಕಣ್ಣಿಗೊತ್ತಿಕೊಂಡು ಕೈಚೀಲಕ್ಕೆ ಇಳಿಸಿದರು, ನೀ ಬರದದ್ದರಾಗ ನಾ ಏನ್ ತಿದ್ದೂದವ್ವಾ.

ಒಂಬತ್ತು. ಹತ್ತು. ಪ್ರೊಫೆಸರರು ಮುಂದಕ್ಕೆ ಬಾಗಿದ್ದಾರೆ, ರೇವಣಪ್ಪನೂ ನಗುತ್ತಿಲ್ಲ, ಕೇಳುತ್ತಿದ್ದಾರೆ, ನಿಜವಾಗಿಯೂ ಕೇಳುತ್ತಿದ್ದಾರೆ, ಏಳಬೇಕು, ತಲೆ ತಿರುಗಾಕತ್ತದ ಅಪ್ಪಾ ಅನ್ನಬೇಕು, ಬಿದ್ದರೂ ಆದೀತು, ಅಷ್ಟರಲ್ಲಿ ಹಾಳೆ ಮಗುಚಿತು, ದನಿ ಅದೇ ಹುರುಪಿನಲ್ಲಿ ಓಡುತ್ತಿದೆ — ಆದರೆ ಆ ಮಸುಕಾದ ಕುಡಿ ಗಾಜಿನ ಮುಂಬದಿಯಿಂದಲೇ ಬಂದಿರಬಹುದಲ್ಲವೇ? — ಅವಳ ಸಾಲಿನ ಮೇಲೂ ತನ್ನದೆಂಬಂತೆ ನಡೆದುಹೋಗಿ, ಹಾಗಿದ್ದರೆ ಬೆಳಕು, ಹಾಗಿದ್ದರೆ — ನಿಂತಿತು. ಅಪ್ಪ ಅವಳನ್ನು ಹುಡುಕುತ್ತಿಲ್ಲ, ತಲೆ ಎತ್ತುತ್ತಿಲ್ಲ, ತುಟಿಗಳು ಮಾತ್ರ ಆಡುತ್ತಿವೆ, ಸಾಲನ್ನು ಮೊದಲಿನಿಂದ ತಮ್ಮಷ್ಟಕ್ಕೆ ಓದುತ್ತಿವೆ, ಯಾಕವ್ವಾ, ನಿನ್ನ ಅಕ್ಷರ ತಿಳೀವಲ್ದೇನು ನಿಮ್ಮಪ್ಪಾರಿಗೆ, ಮಲ್ಕಮ್ಮನ ಪಿಸುಮಾತು, ಮತ್ತೆ ಮೊದಲಿನಿಂದ, ದನಿಯಿಲ್ಲದ ತುಟಿ, ಯಾರೋ ಕೆಮ್ಮಿದರು, ಮತ್ತೆ ಮೊದಲಿನಿಂದ, ಹಾಗಿದ್ದರೆ, ಆ ತುಟಿ, ಹಾಗಿದ್ದರೆ, ಅಪ್ಪನ ಆ ತುಟಿ —