ಶಾಲಿನ ನೆರಳು

"ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ಇತಿಹಾಸ ಕೇಳಾಕ ಬಂದಾನ! ನಿಮ್ಮಜ್ಜಿ ಎಣ್ಣೆ ಸುರಿದೂ ಸುರಿದೂ ಕಲ್ಲಿನ ಮೇಲಿನ ಹೆಸರನ್ನೇ ನುಂಗಿ ಹಾಕ್ಯಾಳ. ಕುರಿ ಹಿಂದ ಹೋಗೋ ಯತೀಶ, ಅಲ್ಲೇ ನಿನಗ ಮರ್ಯಾದಿ ಐತಿ."

ಇತಿಹಾಸ ಸಂಘದ ಅಧ್ಯಕ್ಷ ಗಂಗಾಧರಪ್ಪನವರು ಇದನ್ನು ಮೈಕಿನಲ್ಲೇ ಅಂದರು. ಶಾಮಿಯಾನದ ಕೆಳಗಿದ್ದ ಊರೆಲ್ಲ ನಕ್ಕಿತು.

ನಾನು ಕೇಳಿದ್ದು ಒಂದೇ ಮಾತು, ನಮ್ಮ ಕಲ್ಲಜ್ಜನ ಹೆಸರೇನು ಅಂತ. ಕಲ್ಲಜ್ಜ ಅಂದರೆ ನಮ್ಮ ಹೊಲದ ಬದುವಿನ ವೀರಗಲ್ಲು; ಅದಕ್ಕೆ ಅಜ್ಜಿ ಹಾಲಮ್ಮ ಮದುವೆಯಾಗಿ ಬಂದಾಗಿನಿಂದ ಎಣ್ಣೆ ಹಚ್ಚಿದವಳು. ಈಗ ಮಂಚ ಹಿಡಿದಿದ್ದಾಳೆ. "ಯಾರಿಗೆ ಕೈ ಮುಗಿದೆ ಅಂತ ತಿಳ್ಕೊಂಡು ಬಾರೋ" ಎಂದು ಅವಳೇ ಕಳಿಸಿದ್ದು. ಹೆಸರು ಅಳಿಸಿದ್ದು ಅವಳ ಕೈಯೇ ಆಗಿದ್ದರೆ? ಅದನ್ನು ಯಾವ ಬಾಯಲ್ಲಿ ಹೇಳಲಿ? ನನ್ನ ಕೈ ಕುರ್ಚಿಯ ಬೆನ್ನು ಹಿಡಿದಿತ್ತು. ಎತ್ತಿ ಒಗೆಯುವುದೊಂದೇ ಬಾಕಿ.

ಶಿಕಾರಿಪುರದ ಸಂಘ ವರ್ಷಕ್ಕೊಬ್ಬ ಇತಿಹಾಸ ಮೇಷ್ಟ್ರಿಗೆ ಪ್ರಶಸ್ತಿ ಕೊಡುತ್ತದೆ. ಈ ಸಲ ನಮ್ಮೂರ ಹೈಸ್ಕೂಲಿನ ಸರ್ವಮಂಗಳ ಟೀಚರಿಗೆ. ಸೊರಬದ ಕಡೆಯವರು. ಈ ಕಲ್ಲಿನ ಮುಂದೆ ಕೊಟ್ಟರೆ ಮಾತ್ರ ತಗೊಳ್ಳುತ್ತೇನೆ ಎಂದು ಸಭೆಯನ್ನು ಇಲ್ಲಿಗೇ ಎಳೆದು ತಂದಿದ್ದರು.

ಅವರು ಹಾರ ತೆಗೆದಿಟ್ಟು, ಚಪ್ಪಲಿ ಬಿಟ್ಟು, ಸೀದಾ ಕಲ್ಲಿನ ಹತ್ತಿರ ನಡೆದರು.

"ಅಧ್ಯಕ್ಷರೇ, ನೀವು ಹೊದಿಸಿದ ಈ ಶಾಲಿನ ಒಂದು ತುದಿ ಹಿಡೀರಿ. ಯತೀಶ, ಇನ್ನೊಂದು ತುದಿ ನೀನು ಹಿಡಿ ಮಾರಾಯ. ನೆತ್ತಿ ಮೇಲಿನ ಬಿಸಿಲು ಕಲ್ಲಿಗೆ ಬೀಳಬಾರದು."

ಹಿಡಿದೆವು. ಗಂಗಾಧರಪ್ಪನವರು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಟೀಚರು ಬೈಕೊಂದರ ಕನ್ನಡಿ ಬಿಚ್ಚಿಸಿ, ನೆಲಕ್ಕೆ ಕೂತು, ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿದರು.

ಹುಟ್ಟಿದಾಗಿನಿಂದ ನೋಡಿದ ಬೋಳು ಕಲ್ಲು ಅದು. ಅದರ ಒಳಗಿನಿಂದ ಯಾರೋ ಬೆರಳಲ್ಲಿ ಒತ್ತಿದ ಹಾಗೆ ಸಾಲಿಗೆ ಸಾಲು ಅಕ್ಷರ ಮೇಲೆದ್ದವು.

"ಎಣ್ಣೆ ಮಿನುಗ್ತಾ ಉಂಟು ನೋಡಿ. ಅದಕ್ಕೇ ಬೆಳಕು ಅಕ್ಷರದ ಅಂಚಲ್ಲಿ ನಿಂತಿದೆ. ಹಾಲಮ್ಮನ ಕೈ ಏನೂ ಕೆಡಿಸಿಲ್ಲ" ಅಂದರು ಟೀಚರು.

ಆದರೆ ಅವರು ಓದಿ ಹೇಳಲಿಲ್ಲ. ಹಳೆಯ ಅಕ್ಷರ ಒಂದೊಂದನ್ನೇ ಮಣ್ಣಿನಲ್ಲಿ ಬರೆದು, ಅದರ ಪಕ್ಕ ಈಗಿನದನ್ನು ಬರೆದು, "ಈಗ ಕಲ್ಲಲ್ಲಿ ಹುಡುಕಿ" ಅಂದರು. ಹೆಂಗಸರು ಎದ್ದು ಬಂದರು. "ಬ", ಯಾರೋ ಅಂದರು. "ಮ್ಮ", ಅದು ನನ್ನದೇ ದನಿ. "ಬಮ್ಮಯ!" ಎಂದು ಮೊದಲು ಕೂಗಿದವರು ಗಂಗಾಧರಪ್ಪನವರು. ಕೆಳಗಿನ ಸಾಲನ್ನು ಊರೇ ಕೂಡಿಸಿಕೊಂಡು ಓದಿತು: ತಾಯಿ ಚಾಕವ್ವೆ ನಿಲ್ಲಿಸಿದ ಕಲ್ಲು.

ಸತ್ತ ಮಗನ ಹೆಸರು ಕರೆದ ಆ ತಾಯಿ ನಮ್ಮ ನಡುವೆಯೇ ನಿಂತಿದ್ದಂತಿತ್ತು.

ಶಾಲು ಮಡಚಿಟ್ಟ ಮೇಲೆ ಗಂಗಾಧರಪ್ಪನವರು ನನ್ನ ಹತ್ತಿರ ಬಂದರು. ಮೈಕನ್ನು ಮತ್ತೆ ಕೈಗೆತ್ತಿಕೊಂಡಿದ್ದರು.

"ನಾನು ಅಂದಿದ್ದು ಜಾಸ್ತಿ ಆತು. ನೀನೂ ನನಗ ಒಂದು ಮಾತು ಅಂದ್ಬಿಡು ಯತೀಶ, ಎಲ್ಲಾರೂ ಕೇಳ್ಲಿ."

ಮೈಕನ್ನು ನನ್ನ ಮುಂದೆ ಹಿಡಿದರು. ಅನ್ನಬೇಕೆಂದು ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಮಾತುಗಳು ಇದ್ದವು, ಒಳ್ಳೆ ಖಾರದವೇ. ಆದರೆ ನಾಲಗೆಯ ಮೇಲೆ ಎರಡು ಹೆಸರುಗಳಿದ್ದವು. ಬೇರೆ ಏನಾದರೂ ಆಡಿದರೆ ಉದುರಿಹೋಗುತ್ತವೆ ಅನ್ನಿಸಿತು.

ಬಮ್ಮಯ. ಚಾಕವ್ವೆ. ಬಾಯಿ ಬಿಗಿಹಿಡಿದು ಅಜ್ಜಿಯ ಮಂಚದ ಕಡೆಗೆ ನಡೆದುಬಿಟ್ಟೆ.